ವಾಸೆನಾರ್ ವ್ಯವಸ್ಥೆ: ಶಸ್ತ್ರಾಸ್ತ್ರ ರಫ್ತಿಗೆ ಒಮ್ಮತದ ಕಡಿವಾಣ

ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳು ಹಾಗೂ ನಾಗರಿಕ ಮತ್ತು ಸೇನಾ ಬಳಕೆಗಳೆರಡಕ್ಕೂ ಒದಗುವ ಸರಕು, ತಂತ್ರಜ್ಞಾನಗಳ ರಫ್ತಿನ ಮೇಲೆ ನಿಗಾ ಇಡುವ ರಾಷ್ಟ್ರಗಳ ಕೂಟವೇ ವಾಸೆನಾರ್ ವ್ಯವಸ್ಥೆ. ನೆದರ್ಲೆಂಡ್ಸ್‌ನ ಹೇಗ್ ನಗರದ ಸಮೀಪದ ವಾಸೆನಾರ್ ಪಟ್ಟಣದಲ್ಲಿ 1995ರ ಡಿಸೆಂಬರ್‌ನಲ್ಲಿ ಮೂಡಿದ ಒಮ್ಮತ ಇದಕ್ಕೆ ತಳಹದಿ. 1996ರಲ್ಲಿ 33 ರಾಷ್ಟ್ರಗಳೊಂದಿಗೆ ಆರಂಭವಾದ ಈ ಕೂಟದಲ್ಲಿ ಈಗ 42 ಸದಸ್ಯ ರಾಷ್ಟ್ರಗಳಿವೆ. ಕಾರ್ಯಾಲಯ ಆಸ್ಟ್ರಿಯಾದ ವಿಯೆನ್ನಾದಲ್ಲಿದೆ.

ಹಿನ್ನೆಲೆ

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಬಣಕ್ಕೆ ಸೂಕ್ಷ್ಮ ತಂತ್ರಜ್ಞಾನ ತಲುಪದಂತೆ ತಡೆಯುವ ಹೊಣೆಯನ್ನು ಅಮೆರಿಕ ಮತ್ತು ಅದರ ಮಿತ್ರ ರಾಷ್ಟ್ರಗಳ 'ಕೋಕಾಮ್' ಸಮಿತಿ ನಿರ್ವಹಿಸುತ್ತಿತ್ತು. ಒಂದು ಸದಸ್ಯ ರಾಷ್ಟ್ರದ ರಫ್ತನ್ನು ಮತ್ತೊಂದು ತಡೆಹಿಡಿಯಲು ಅದರಲ್ಲಿ ಅವಕಾಶವಿತ್ತು. ಸೋವಿಯತ್ ಒಕ್ಕೂಟ ಪತನಗೊಂಡ ಬಳಿಕ, 1994ರ ಮಾರ್ಚ್ 31ರಂದು ಸಮಿತಿಯನ್ನು ವಿಸರ್ಜಿಸಲಾಯಿತು. ಹೊಸ ಕೂಟದಲ್ಲಿ ರಷ್ಯಾಕ್ಕೂ ಸ್ಥಾನ ದೊರೆಯಿತು. ಆದರೆ ಪರಸ್ಪರ ತಡೆಯೊಡ್ಡುವ ಅಧಿಕಾರವನ್ನು ಕೈಬಿಡಲಾಯಿತು.

ಕಾರ್ಯವಿಧಾನ

ಕೂಟವು ಎರಡು ಪಟ್ಟಿಗಳನ್ನು ಸಿದ್ಧಪಡಿಸುತ್ತದೆ. ಒಂದು ಯುದ್ಧ ಸಾಮಗ್ರಿಗಳದ್ದು, ಇನ್ನೊಂದು ಉಭಯ ಬಳಕೆಯ ಸರಕುಗಳದ್ದು. ಅವನ್ನು ಪ್ರತಿ ಸದಸ್ಯ ರಾಷ್ಟ್ರವೂ ತನ್ನದೇ ಕಾನೂನಿನ ಮೂಲಕ ಜಾರಿಗೊಳಿಸಬೇಕು. ಕೂಟದ ಹೊರಗಿನ ರಾಷ್ಟ್ರಗಳಿಗೆ ಮಾರಿದ ಪ್ರಮುಖ ಶಸ್ತ್ರಾಸ್ತ್ರಗಳ ವಿವರವನ್ನು ಆರು ತಿಂಗಳಿಗೊಮ್ಮೆ ಹಂಚಿಕೊಳ್ಳಬೇಕು. ಪರವಾನಗಿ ನೀಡುವ ಅಥವಾ ನಿರಾಕರಿಸುವ ಅಂತಿಮ ತೀರ್ಮಾನ ಆಯಾ ಸರ್ಕಾರದ್ದೇ. ಒಂದು ರಾಷ್ಟ್ರ ನಿರಾಕರಿಸಿದ ಸರಕನ್ನು ಮತ್ತೊಂದು ಮಾರಿದರೂ ದಂಡನೆಯಿಲ್ಲ. ಇದು ಒಪ್ಪಂದದ ಬಲವಿರುವ ಸಂಸ್ಥೆಯಲ್ಲ.

ಭಾರತದ ಪಾತ್ರ

2017ರ ಡಿಸೆಂಬರ್‌ನಲ್ಲಿ ಭಾರತ 42ನೇ ಸದಸ್ಯ ರಾಷ್ಟ್ರವಾಗಿ ಸೇರ್ಪಡೆಯಾಯಿತು. 2023ರಲ್ಲಿ ಕೂಟದ ಪೂರ್ಣಾಧಿವೇಶನದ ಅಧ್ಯಕ್ಷತೆಯನ್ನೂ ವಹಿಸಿತು. ಚೀನಾ ಇಂದಿಗೂ ಸದಸ್ಯನಲ್ಲ. ಭಾರತದಲ್ಲಿ ಈ ಪಟ್ಟಿಗಳು 'ಸ್ಕೋಮೆಟ್' ಎಂಬ ರಫ್ತು ನಿಯಂತ್ರಣ ಪಟ್ಟಿಯ ಮೂಲಕ ಜಾರಿಯಲ್ಲಿವೆ. ಬೆಂಗಳೂರಿನ ವೈಮಾನಿಕ ಹಾಗೂ ಎಲೆಕ್ಟ್ರಾನಿಕ್ಸ್ ಉದ್ಯಮಗಳು ಪಟ್ಟಿಯಲ್ಲಿರುವ ಬಿಡಿಭಾಗವನ್ನಾಗಲಿ ತಂತ್ರಾಂಶವನ್ನಾಗಲಿ ವಿದೇಶಕ್ಕೆ ಕಳುಹಿಸುವ ಮುನ್ನ ಪರವಾನಗಿ ಪಡೆಯಬೇಕು.

ಒಮ್ಮತದ ಬಿಕ್ಕಟ್ಟು

ಪಟ್ಟಿಗೆ ಯಾವುದೇ ವಸ್ತುವನ್ನು ಸೇರಿಸಲು ಎಲ್ಲ ಸದಸ್ಯರ ಸಮ್ಮತಿ ಅಗತ್ಯ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಪೂರ್ಣಪ್ರಮಾಣದ ಆಕ್ರಮಣ ನಡೆಸಿದ ನಂತರ ಇಂತಹ ಸಮ್ಮತಿ ದುಸ್ತರವಾಗಿದೆ. ಆದ್ದರಿಂದ ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ರಾಷ್ಟ್ರಗಳು ಕ್ವಾಂಟಮ್ ಕಂಪ್ಯೂಟರ್, ಸೆಮಿಕಂಡಕ್ಟರ್ ತಂತ್ರಜ್ಞಾನಗಳ ಮೇಲೆ ತಮ್ಮದೇ ನಿರ್ಬಂಧಗಳನ್ನು ವಿಧಿಸಿವೆ. ಸಮಾನ ಮನಸ್ಕರು ಹೀಗೆ ಪ್ರತ್ಯೇಕ ದಾರಿ ಹಿಡಿದರೆ ಹೊಸ ತಂತ್ರಜ್ಞಾನಕ್ಕೆ ತ್ವರಿತವಾಗಿ ಕಡಿವಾಣ ಬೀಳುತ್ತದೆ, ನಿಜ. ಆದರೆ ಎಲ್ಲರಿಗೂ ಒಂದೇ ಪಟ್ಟಿ ಎಂಬ ಮೂಲ ಆಶಯ ಸಡಿಲಗೊಂಡು, ಒಂದು ದೇಶದಲ್ಲಿ ನಿಷಿದ್ಧವಾದ ಸರಕು ಮತ್ತೊಂದರಲ್ಲಿ ಸುಲಭವಾಗಿ ದೊರೆಯುವ ಅಪಾಯವೂ ಹೆಚ್ಚುತ್ತದೆ.