ಕನ್ನಡದಲ್ಲಿ ತಾಂತ್ರಿಕ ಬರವಣಿಗೆ: ಉದ್ದೇಶಗಳ ಚರಿತ್ರೆ

ಒಂದು ಕಸುಬು, ವಿದ್ಯೆ ಅಥವಾ ಆಡಳಿತ ಕ್ರಮಕ್ಕೆ ಸಂಬಂಧಿಸಿದ ತಿಳಿವಳಿಕೆಯನ್ನು ಬಳಕೆಗೆಂದು ಬರೆದಿಡುವುದು ತಾಂತ್ರಿಕ ಬರವಣಿಗೆ. ವೈದ್ಯ, ಗಣಿತ, ಕೃಷಿ, ಅಡುಗೆ, ಪಶುಚಿಕಿತ್ಸೆ, ಲೆಕ್ಕಪತ್ರ, ಜಮೀನಿನ ಅಳತೆ, ಯಂತ್ರದ ಕೈಪಿಡಿ ಎಲ್ಲವೂ ಇದರೊಳಗೆ ಬರುತ್ತವೆ. ಕನ್ನಡದಲ್ಲಿ ಇದಕ್ಕೆ ಸುಮಾರು ಸಾವಿರ ವರ್ಷದ ಚರಿತ್ರೆ ಇದೆ. ಸಾಹಿತ್ಯ ಚರಿತ್ರೆಗಳು ಹಳೆಯ ಕೃತಿಗಳನ್ನು ‘ಶಾಸ್ತ್ರಸಾಹಿತ್ಯ’ ಎಂಬ ಒಂದೇ ತಲೆಬರಹದಡಿ ವಿಷಯವಾರು ಪಟ್ಟಿ ಮಾಡುತ್ತವೆ, ಇತ್ತೀಚಿನವನ್ನು ಬಹುಮಟ್ಟಿಗೆ ಕೈಬಿಡುತ್ತವೆ. ಬರಹ ಯಾರ ಕೈ ಸೇರಬೇಕಿತ್ತು, ಅದರಿಂದ ಆಗಬೇಕಾದ ಕೆಲಸವೇನಿತ್ತು ಎಂದು ಕೇಳಿದರೆ ಈ ಪಟ್ಟಿಯ ರೂಪವೇ ಬದಲಾಗುತ್ತದೆ. ಗಿಡಮೂಲಿಕೆಯನ್ನು ನೆನಪಿನಲ್ಲಿಡಲು ಕಟ್ಟಿದ ಕಂದಪದ್ಯ, ವ್ಯಾಜ್ಯದಲ್ಲಿ ಸಾಕ್ಷಿ ನಿಲ್ಲುವ ಶಾನುಭೋಗರ ಲೆಕ್ಕ, ಕೀಟನಾಶಕದ ಪೊಟ್ಟಣದೊಳಗಿನ ಕರಪತ್ರ ಇವು ಮೂರೂ ತಾಂತ್ರಿಕ ಬರಹಗಳೇ. ಆದರೆ ಒಂದಕ್ಕೆ ಒಪ್ಪುವ ಅಳತೆಗೋಲು ಇನ್ನೊಂದಕ್ಕೆ ಒಪ್ಪುವುದಿಲ್ಲ.

ಆಕರಗಳಲ್ಲಿನ ತೊಡಕು

ಈ ವಿಷಯಕ್ಕೆ ಇಂದಿಗೂ ಮುಖ್ಯ ಆಕರ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’. ಅದರ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಓಲೆಗರಿಗಳನ್ನು ಹುಡುಕಿ, ಓದಿ, ಕಾಲ ಗೊತ್ತುಮಾಡಿದ ಆ ದುಡಿಮೆಯ ಋಣ ದೊಡ್ಡದು. ಆದರೆ ಹೆಸರೇ ಹೇಳುವಂತೆ ಅದು ಕವಿಗಳ ಚರಿತೆ. ಕರ್ತೃವಿನ ಹೆಸರಿಲ್ಲದ ಮನೆಮದ್ದಿನ ಕಟ್ಟುಗಳು, ಮಠಗಳ ಲೆಕ್ಕದ ಕಡತಗಳು, ಊರಿನ ಜಮೀನಿನ ಅಳತೆಯ ದಾಖಲೆಗಳು ಕವಿವಾರು ಪಟ್ಟಿಯಲ್ಲಿ ಕೂರುವುದಿಲ್ಲ. ಮುಂದಿನ ಬರಹಗಾರರು ಅದೇ ದಾರಿ ಹಿಡಿದದ್ದರಿಂದ ಬರೆಯುವವರಿಗೂ ಬರೆಸುವವರಿಗೂ ದಿನದಿನದ ಅಗತ್ಯವಾಗಿದ್ದ ಬರಹವೇ ಚರಿತ್ರೆಯಿಂದ ಹೊರಗುಳಿಯಿತು.

ಎರಡನೆಯ ತೊಡಕು ಹೆಸರುಗಳದ್ದು. 978ರಲ್ಲಿ ಗದ್ಯದಲ್ಲಿ ಪುರಾಣ ಬರೆದ ಗಂಗರ ದಂಡನಾಯಕ ಚಾವುಂಡರಾಯ ಜೈನ. ಸುಮಾರು 1025ರಲ್ಲಿ ‘ಲೋಕೋಪಕಾರ’ ಬರೆದ ಚಾವುಂಡರಾಯ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಬ್ರಾಹ್ಮಣ. ಇಬ್ಬರನ್ನೂ ಒಬ್ಬನೆಂದು ತಿಳಿಯುವ ತಪ್ಪು ಜನಪ್ರಿಯ ಲೇಖನಗಳಲ್ಲಿ ಈಗಲೂ ಕಾಣುತ್ತದೆ. ಮಂಗರಾಜರು ಮೂವರು. ಮೊದಲನೆಯವನು 14ನೆಯ ಶತಮಾನದ ವಿಷವೈದ್ಯ, ಎರಡನೆಯವನು 1398ರ ನಿಘಂಟುಕಾರ, ಮೂರನೆಯವನು 16ನೆಯ ಶತಮಾನದ ಆರಂಭದಲ್ಲಿ ಅಡುಗೆಯ ‘ಸೂಪಶಾಸ್ತ್ರ’ ಬರೆದವನು. ‘ಕಲ್ಯಾಣಕಾರಕ’ಗಳೂ ಒಂದಲ್ಲ. 9ನೆಯ ಶತಮಾನದ ಉಗ್ರಾದಿತ್ಯನದು ಸಂಸ್ಕೃತ ಕೃತಿ. 12ನೆಯ ಶತಮಾನದ ನಡುವಿನ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಪೂಜ್ಯಪಾದನ ಗ್ರಂಥವನ್ನು ಅನುಸರಿಸಿದ ಕನ್ನಡ ಕೃತಿ.

ಓಲೆಗರಿಯ ಕಾಲ

‘ಲೋಕೋಪಕಾರ’ವನ್ನು ಸಾಮಾನ್ಯವಾಗಿ ಕನ್ನಡದ ಮೊದಲ ವಿಶ್ವಕೋಶವೆಂದು ಕೊಂಡಾಡುತ್ತಾರೆ. ಪಂಚಾಂಗ, ಮನೆ ಕಟ್ಟುವ ಕ್ರಮ, ಅಂತರ್ಜಲದ ಪತ್ತೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ಮನುಷ್ಯರ ಮತ್ತು ದನಕರುಗಳ ಚಿಕಿತ್ಸೆ, ವಿಷಕ್ಕೆ ಮದ್ದು, ಶಕುನ ಇಷ್ಟನ್ನೂ ಅದು ಒಳಗೊಂಡಿದೆ. ವಿಶ್ವಕೋಶವೆನ್ನುವುದಕ್ಕಿಂತ ಗೃಹಸ್ಥನ ಕೈಪಿಡಿ ಎಂದರೆ ಅದಕ್ಕೆ ಹೆಚ್ಚು ನ್ಯಾಯ ಸಲ್ಲುತ್ತದೆ. ಅದರ ವಿಷಯಗಳನ್ನು ಒಟ್ಟುಗೂಡಿಸಿರುವುದು ಜ್ಞಾನದ ವರ್ಗೀಕರಣವಲ್ಲ, ಒಂದು ಮನೆ ಮತ್ತು ಹೊಲದ ವರ್ಷಾವಧಿ ಅಗತ್ಯ. ಬಾವಿ ತೋಡುವ ಮುನ್ನ ಮರ, ಹುತ್ತ, ಮಣ್ಣಿನ ಗುರುತು ನೋಡಬೇಕಾದವನೂ ಕಾಯಿಲೆ ಬಿದ್ದ ಎತ್ತಿಗೆ ಮದ್ದು ಅರೆಯಬೇಕಾದವನೂ ಒಬ್ಬನೇ. ಈ ಕೃತಿಯನ್ನು ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ 2006ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಕೃಷಿ ವಿಜ್ಞಾನಿಗಳು ಅದರ ವೃಕ್ಷಾಯುರ್ವೇದದ ಭಾಗವನ್ನು ಹೊಸದಾಗಿ ಗಮನಿಸತೊಡಗಿದರು.

ಇಂಥ ಕೃತಿಗಳು ಪದ್ಯದಲ್ಲಿರುವುದು ಕಾವ್ಯದ ಚಪಲದಿಂದ ಎಂಬ ಅಭಿಪ್ರಾಯ ಸರಿಯಲ್ಲ. ಕಂದದ ನಾಲ್ಕು ಸಾಲು ಬಾಯಿಗೆ ಬೇಗ ಕೂರುತ್ತದೆ. ಮದ್ದಿನ ಪ್ರಮಾಣವೋ ಗಣಿತದ ಸೂತ್ರವೋ ಛಂದಸ್ಸಿನ ಮಾತ್ರೆಗಳೊಳಗೆ ಬಿಗಿದುಕೊಂಡರೆ ಪ್ರತಿ ಮಾಡುವವನು ಒಂದು ಪದ ಬಿಟ್ಟರೂ ಸಾಲು ಎಡವುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಅಚ್ಚುಕೂಟವಿಲ್ಲದ ಕಾಲದಲ್ಲಿ ಪದ್ಯ ನೆನಪಿನ ಸಾಧನವೂ ಹೌದು, ಕರಡು ತಿದ್ದುವ ಸಾಧನವೂ ಹೌದು. ನೆನಪಿಡುವುದಕ್ಕೆ ಪದ್ಯ ಸಾಕಾದರೂ ಕಲಿಸುವುದಕ್ಕೆ ಸಾಲುತ್ತಿರಲಿಲ್ಲ ಎಂಬುದು ರಾಜಾದಿತ್ಯನ ‘ವ್ಯವಹಾರಗಣಿತ’ದಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಸೂತ್ರ ಪದ್ಯದಲ್ಲಿದೆ, ವಿವರಣೆ ಮತ್ತು ಲೆಕ್ಕ ಬಿಡಿಸುವ ಕ್ರಮ ಗದ್ಯದಲ್ಲಿದೆ. ಬಾಯಿಪಾಠಕ್ಕೆ ಒಂದು ರೂಪ, ತಿಳಿಸಿ ಹೇಳುವುದಕ್ಕೆ ಇನ್ನೊಂದು ರೂಪ. ಒಂದೇ ಗ್ರಂಥದಲ್ಲಿ ಎರಡು ಉದ್ದೇಶಗಳನ್ನು ಇಷ್ಟು ತಿಳಿದು ಬೇರ್ಪಡಿಸಿದ ನಿದರ್ಶನ ಹಳಗನ್ನಡದಲ್ಲಿ ವಿರಳ.

ರಾಜಾದಿತ್ಯನ ಕಾಲ ಇನ್ನೂ ಚರ್ಚೆಯ ವಿಷಯ. ಒಂದು ಲೆಕ್ಕದಂತೆ ಆತ ಹೊಯ್ಸಳ ವಿಷ್ಣುವರ್ಧನನ ಕಾಲದವನು, ಸುಮಾರು 1120. ಇನ್ನೊಂದರಂತೆ ಶತಮಾನದ ಕೊನೆಯವನು, ಸುಮಾರು 1190. ಇದು ಬರಿಯ ತೇದಿಯ ಜಗಳವಲ್ಲ. ಭಾಸ್ಕರಾಚಾರ್ಯನ ಸಂಸ್ಕೃತ ‘ಲೀಲಾವತಿ’ ರಚನೆಯಾದದ್ದು 1150ರಲ್ಲಿ. ರಾಜಾದಿತ್ಯನ ಹೆಸರಿನಲ್ಲೂ ಒಂದು ‘ಲೀಲಾವತಿ’ ಇದೆ. ಮೊದಲ ಕಾಲವನ್ನು ಒಪ್ಪಿದರೆ ಕನ್ನಡದ ಕೃತಿ ಸಂಸ್ಕೃತದ್ದರ ಅನುವಾದವಾಗಿರುವುದು ಸಾಧ್ಯವಿಲ್ಲ. ಎರಡನೆಯದನ್ನು ಒಪ್ಪಿದರೆ ಸಾಧ್ಯ. ನೇಮಿಚಂದ್ರನ ‘ಲೀಲಾವತಿ’ಗೆ ಇವೆರಡರ ಸಂಬಂಧವೂ ಇಲ್ಲ, ಅದು ಶೃಂಗಾರದ ಚಂಪೂಕಾವ್ಯ. ಗ್ರಂಥಾಲಯದ ಪಟ್ಟಿಗಳಲ್ಲಿ ಇವು ಕಲಸಿಹೋಗದಂತೆ ನೋಡಿಕೊಳ್ಳಬೇಕು.

ವೈದ್ಯದ ಬರಹಗಳ ಉದ್ದೇಶ ಇನ್ನೂ ಜಟಿಲ. ಸೋಮನಾಥ ಮದ್ಯ ಮಾಂಸಗಳಿಲ್ಲದ ಔಷಧಗಳನ್ನೇ ಹೇಳುತ್ತಾನೆ. ಅಲ್ಲಿ ಚಿಕಿತ್ಸೆಯ ಜೊತೆಗೆ ಜೈನ ಆಚಾರದ ರಕ್ಷಣೆಯೂ ನಡೆಯುತ್ತದೆ. ಸುಮಾರು 1125ರಲ್ಲಿ ‘ಗೋವೈದ್ಯ’ ಬರೆದ ಕೀರ್ತಿವರ್ಮ ಚಾಲುಕ್ಯ ರಾಜವಂಶದವನು. ದನಗಳ ಕಾಯಿಲೆ ಅರಮನೆಯವರಿಗೂ ಬರೆಯತಕ್ಕ ವಿಷಯವಾಗಿತ್ತು ಎಂಬುದಕ್ಕೆ ಅವನೇ ಸಾಕ್ಷಿ. ಮೊದಲ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಸಸ್ಯಗಳಿಂದ ಬರುವ ವಿಷ, ಪ್ರಾಣಿಗಳಿಂದ ಬರುವ ವಿಷ ಎಂದು ವಿಂಗಡಿಸಿ ಒಂದೊಂದರ ಲಕ್ಷಣವನ್ನೂ ಮದ್ದನ್ನೂ ಹೇಳುತ್ತದೆ. ಹಾವು ಕಡಿದವನು ಅದನ್ನು ಓದುತ್ತ ಕೂರುವುದಿಲ್ಲ. ಅದನ್ನು ಮುಂಚೆಯೇ ಓದಿ ಕರಗತ ಮಾಡಿಕೊಂಡ ವೈದ್ಯ ಹತ್ತಿರದಲ್ಲಿರಬೇಕು, ಕೃತಿ ಆ ವೈದ್ಯನಿಗಾಗಿ. ಮೂರನೆಯ ಮಂಗರಾಜನ ‘ಸೂಪಶಾಸ್ತ್ರ’ವೂ ಹಾಗೆಯೇ. ಪಾನಕ, ಅನ್ನ, ಬದನೆಕಾಯಿಯ ಬಗೆಬಗೆಯ ಅಡುಗೆಗಳನ್ನು ಷಟ್ಪದಿಯಲ್ಲಿ ಹೇಳುವಾಗ ಅದು ಒಲೆ ಹಚ್ಚುವುದನ್ನೇ ಅರಿಯದವರನ್ನು ಉದ್ದೇಶಿಸಿಲ್ಲ.

ಇದೇ ಕಾಲದ ಹೆಸರಿಲ್ಲದ ಮನೆಮದ್ದಿನ ಓಲೆಗಳು ಬೇರೆ ರೀತಿಯವು. ಅವುಗಳಲ್ಲಿ ಛಂದಸ್ಸಿಲ್ಲ. ‘ಅರೆದು ಕುಡಿಸುವುದು’, ‘ಲೇಪಿಸುವುದು’ ಎಂಬ ತುಂಡು ವಾಕ್ಯಗಳೇ ಎಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರಗಳೂ ಇಂಥವನ್ನು ಕಾಪಾಡಿಕೊಂಡು ಬಂದಿವೆ. ಕನ್ನಡದ ಆದೇಶಪರ ಗದ್ಯದ ಬೇರು ಇಲ್ಲಿದೆಯೇ ಹೊರತು ಚಂಪೂಗಳಲ್ಲಿ ಅಲ್ಲ.

ಕಡತ ಮತ್ತು ಕಚೇರಿ

ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳು, ಶಾನುಭೋಗರು, ಮಠಗಳು ತಮ್ಮ ಲೆಕ್ಕವನ್ನು ಇದರಲ್ಲಿ ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಮುಖ್ಯ ಆಕರ. ಇಲ್ಲಿ ಉದ್ದೇಶ ಕಲಿಸುವುದೂ ಅಲ್ಲ, ನೆನಪಿಡುವುದೂ ಅಲ್ಲ. ನಾಳೆ ತಕರಾರು ಎದ್ದಾಗ ಇದು ಹೀಗೇ ಇತ್ತು ಎಂದು ತೋರಿಸುವುದು. ಆದ್ದರಿಂದ ವಿವರಣೆ ಇರುವುದಿಲ್ಲ, ತೇದಿ ಹೆಸರು ಮೊತ್ತ ಇರುತ್ತವೆ. ಓದುವವನಿಗೆ ಪದ್ಧತಿ ಗೊತ್ತಿದೆಯೆಂದೇ ಬರೆಯಲಾಗುತ್ತದೆ.

ಜಮಾ, ಖರ್ಚು, ಖಾತೆ, ಜಮಾಬಂದಿ, ಪಹಣಿ ಮೊದಲಾದ ಪದಗಳು ಪಾರಸಿ–ಮರಾಠಿಯ ದಾರಿಯಿಂದ ಬಂದು ಈ ಬರಹದಲ್ಲಿ ನೆಲೆಸಿದವು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಶುರುವಾದ ಕಂದಾಯ ಮೋಜಣಿ ಇದಕ್ಕೆ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್‌ಗಳ ಗಟ್ಟಿ ಚೌಕಟ್ಟು ಹಾಕಿತು. ಸ್ವಾತಂತ್ರ್ಯದ ನಂತರ 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆಯಾಗಿಸಿದಾಗ ಕಾನೂನಿನ ಗದ್ಯ ‘ತಕ್ಕದ್ದು’ ಎಂಬ ಕ್ರಿಯಾರೂಪದ ಮೇಲೆ ನಿಂತಿತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಸಂಖ್ಯೆಯ ದೃಷ್ಟಿಯಿಂದ ಕನ್ನಡದ ಅತಿ ಹೆಚ್ಚು ಓದುಗರಿರುವ ತಾಂತ್ರಿಕ ಬರಹಗಳಲ್ಲಿ ಪಹಣಿ ಒಂದು. ಆದರೂ ಅದನ್ನು ತಾನಾಗಿ ಓದಿ ಅರ್ಥಮಾಡಿಕೊಳ್ಳಲಾಗದ ರೈತರು ಬಹಳ. ದಾಖಲಿಸಲೆಂದು ಹುಟ್ಟಿದ ರೂಪವನ್ನೇ ತಿಳಿಸಲೂ ಬಳಸಿದ್ದರ ಫಲ ಇದು.

ಅಚ್ಚಿನ ನಂತರ

ಮಿಷನರಿಗಳ ಅಚ್ಚುಕೂಟ, ಶಾಲಾಪಠ್ಯ, 1894ರ ಕಿಟೆಲ್ ನಿಘಂಟು ಇವುಗಳ ಕಥೆ ಎಲ್ಲರಿಗೂ ಗೊತ್ತಿರುವಂಥದು. ಸಾಮಾನ್ಯ ಓದುಗನಿಗೆ ವಿಜ್ಞಾನವನ್ನು ತಿಳಿಹೇಳುವ ಉದ್ದೇಶ ಸ್ಪಷ್ಟ ರೂಪ ತಾಳಿದ್ದು 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದಾಗ. ಪತ್ರಿಕೆ ಹೆಚ್ಚು ವರ್ಷ ನಡೆಯಲಿಲ್ಲ. ಆದರೆ ಪರಿಭಾಷೆಯನ್ನು ಮೊದಲು ಸಿದ್ಧಪಡಿಸಿಕೊಂಡು ಆಮೇಲೆ ಬರೆಯಬೇಕೋ, ಬರೆಯುತ್ತ ಬರೆಯುತ್ತ ಕಂಡುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಅದು ಬರವಣಿಗೆಯ ಮೂಲಕವೇ ಎದುರಿಸಿತು. ಆಮೇಲಿನ ಶಿವರಾಮ ಕಾರಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದಲ್ಲಿ ಜಿ.ಟಿ. ನಾರಾಯಣ ರಾವ್ ಅವರು ಮಾಡಿದ ವಿಜ್ಞಾನ ಸಂಪಾದನೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ‘ಬಾಲವಿಜ್ಞಾನ’ ಆ ದಾರಿಯನ್ನು ಅಗಲ ಮಾಡಿದವು.

ವಿಜ್ಞಾನ ಸಾಹಿತ್ಯದ ಚರಿತ್ರೆಗಳು ಇಲ್ಲಿಗೆ ನಿಲ್ಲುತ್ತವೆ. ತಿಳಿಹೇಳುವ ಬರಹಕ್ಕೂ ಕೈಹಿಡಿದು ಮಾಡಿಸುವ ಬರಹಕ್ಕೂ ಇರುವ ಅಂತರವನ್ನು ಅವು ಗಣಿಸುವುದಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ತಾಯಿ-ಮಗು’ ಗರ್ಭಿಣಿಯರ ಮನೆಗಳಲ್ಲಿ ಬಳಕೆಯಾದ ಪುಸ್ತಕ. ಅದು ಶರೀರಶಾಸ್ತ್ರವನ್ನು ಪರಿಚಯಿಸಿ ಸುಮ್ಮನಾಗುವುದಿಲ್ಲ, ಏನು ಮಾಡಬೇಕು ಎಂದು ಹೆಣ್ಣುಮಕ್ಕಳಿಗೇ ನೇರ ಹೇಳುತ್ತದೆ. ವೈದ್ಯನಿಗಾಗಿ ಬರೆದ ಮಂಗರಾಜನಿಂದ ಇಲ್ಲಿಗೆ ಬರುವಷ್ಟರಲ್ಲಿ ಓದುಗ ಬದಲಾಗಿದ್ದಾನೆ. ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಬಳಸುವವನೇ ಬರೆದಾಗ

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಬೇಸಾಯದ ಶಿಫಾರಸುಗಳು ಕನ್ನಡದಲ್ಲಿ ಹೇರಳವಾಗಿ ಬಂದವು. ಎಕರೆಗೆ ಇಷ್ಟು ಬೀಜ, ಇಷ್ಟು ಗೊಬ್ಬರ, ಇಂತಿಷ್ಟು ದಿನಕ್ಕೆ ಸಿಂಪರಣೆ ಎಂಬ ರೂಪ ಅವುಗಳದು. ನಿಖರತೆ ಅವುಗಳ ಬಲ. ಪ್ರಯೋಗ ತಾಕಿನಿಂದ ಹೊಲದ ಕಡೆಗೆ ಮಾತ್ರ ಮಾತು ಹರಿಯುತ್ತಿದ್ದುದು ಅವುಗಳ ಮಿತಿ. 1988ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಈ ಹರಿವನ್ನು ತಿರುಗಿಸಿತು. ಶ್ರೀಪಡ್ರೆ ಅವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೆ ಲೇಖನಿ ಕೊಡುವುದನ್ನೇ ಗುರಿಯಾಗಿಟ್ಟುಕೊಂಡ ಪತ್ರಿಕೆ ಅದು. ತೋಟದಲ್ಲಿ ಮಾಡಿ ನೋಡಿದವರು ಬರೆಯಬೇಕು, ಓದುಗ ಬೇಕಿದ್ದರೆ ಅವರನ್ನೇ ವಿಚಾರಿಸಿಕೊಳ್ಳುವಂತಿರಬೇಕು ಎಂಬ ಕ್ರಮ ಅದರದು. ಹೀಗೆ ಕನ್ನಡದ ತಾಂತ್ರಿಕ ಬರವಣಿಗೆಗೆ ಅನುಭವವನ್ನು ಪರೀಕ್ಷೆಗೆ ಒಡ್ಡುವ ಹೊಸ ಉದ್ದೇಶ ಸೇರಿತು. ಸಾಹಿತ್ಯ ಚರಿತ್ರೆಗಳು ಇದನ್ನು ಪತ್ರಿಕೋದ್ಯಮವೆಂದು ಬದಿಗಿಟ್ಟಿರುವುದು ನ್ಯಾಯವಲ್ಲ.

ಎಚ್ಚರಿಸುವ ಬರಹದ ಸ್ಥಿತಿ ಬೇರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪೊಟ್ಟಣದೊಳಗಿನ ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಪ್ರದೇಶದ ಒಂದೆರಡು ಭಾಷೆಗಳಲ್ಲಿರಬೇಕು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ಒಂದು ಬಣ್ಣದ ತ್ರಿಕೋನ ವಿಷದ ತೀವ್ರತೆ ತೋರಿಸಬೇಕು. ಕೆಂಪು ಎಲ್ಲಕ್ಕಿಂತ ಅಪಾಯಕಾರಿ, ಹಸಿರು ಕಡಿಮೆ ಅಪಾಯದ್ದು. ಅಕ್ಷರ ಬಾರದವನಿಗೂ ತಲುಪಲೆಂದು ಯೋಚಿಸಿದ ಈ ಗುರುತು ಒಳ್ಳೆಯದು. ಆದರೆ ಬಣ್ಣದ ಅರ್ಥವನ್ನು ಯಾರಾದರೂ ಹೇಳಿಕೊಟ್ಟಿರಬೇಕು. ಹಲವು ಭಾಷೆಗಳ ಸಣ್ಣಕ್ಷರದ ಕರಪತ್ರವನ್ನು ಹೊಲದ ಬದುವಿನಲ್ಲಿ ಬಿಡಿಸಿ ಓದುವವರು ಕಡಿಮೆ. ಜೀವ ಉಳಿಸಬೇಕಾದ ಬರಹವನ್ನೇ ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕುವುದು ಒಪ್ಪತಕ್ಕ ಮಾತಲ್ಲ.

ಗಣಕದ ಬರಹಕ್ಕೆ ದಾರಿ ಮಾಡಿದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮತ್ತು ಯೂನಿಕೋಡ್. ಮೊಬೈಲಿನ ಮೆನು, ಬ್ಯಾಂಕಿನ ಎಟಿಎಂ ಪರದೆ, ಆ್ಯಪ್‌ಗಳ ಸೂಚನೆಗಳು ಈಗ ಕನ್ನಡದಲ್ಲಿವೆ. ಒಂದು ಗುಂಡಿಯ ಮೇಲೆ ಹಿಡಿಸುವ ಒಂದೆರಡು ಪದಗಳೇ ಇಲ್ಲಿ ಇಡೀ ಬರಹ. ಓದುವ ಗಳಿಗೆಯಲ್ಲೇ ಮಾಡಿಸುವುದು ಅದರ ಉದ್ದೇಶ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ತಾಂತ್ರಿಕ ಬರಹ ಒಂದು ಉದ್ಯೋಗವಾಗಿ ಬೆಳೆದಿದ್ದರೂ ಆ ಕೆಲಸ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡದ ಪಾಲಿಗೆ ಬರುವುದು ಹೆಚ್ಚಾಗಿ ಅನುವಾದ.

ಪೊಟ್ಟಣದ ಮೇಲಿನ ಬರಹದಲ್ಲೂ ಕನ್ನಡಕ್ಕೆ ಇಂಥದೇ ಎರಡನೆಯ ಸ್ಥಾನ. ಆಹಾರ ಪೊಟ್ಟಣಗಳ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಪ್ರಾದೇಶಿಕ ಭಾಷೆ ಐಚ್ಛಿಕ ಎನ್ನುವುದು ಕೇಂದ್ರದ ನಿಯಮ. ರಾಜ್ಯದ ‘ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022’ ಕರ್ನಾಟಕದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಕನ್ನಡದಲ್ಲಿಯೂ ಮುದ್ರಿಸಬೇಕೆಂದು ಹೇಳುತ್ತದೆ.