ಅಜ್ಜಿಯ ರಟ್ಟೆ ಮೇಲಿನ ಮೈಲಿ ಕಲೆ

ಮೊನ್ನೆ ಊರಿಗೆ ಹೋದಾಗ ಪಕ್ಕದ ಮನೆ ಮಗುವಿಗೆ ಜ್ವರ. ಕಣ್ಣು ಕೆಂಪು, ಮೂಗು ಸೋರುತ್ತಿತ್ತು, ಕೆಮ್ಮು ಬೇರೆ. ನಮ್ಮಜ್ಜಿ ಕಿವಿಯ ಹಿಂದೆ ನೋಡಿ, "ದಡಾರ ಕಣೋ, ನಾಳೆ ಮೈಗಿಳಿಯುತ್ತೆ" ಅಂದರು. ಹಾಗೇ ಆಯಿತು!

ಇದೆಲ್ಲ ಹೇಗೆ ಗೊತ್ತು ಅಂತ ಕೇಳಿದೆ. ಹಳೇ ಕಾಲದ ತಾಯಂದಿರ ಹತ್ತಿರ ಒಂದು ಲೆಕ್ಕವೇ ಇತ್ತು. ಹೊಟ್ಟೆ, ಬೆನ್ನಿನ ಮೇಲೆ ಹೆಚ್ಚಾಗಿ, ಒಂದು ಹಣ್ಣಾಗುವಾಗ ಇನ್ನೊಂದು ಹೊಸದಾಗಿ ಏಳುತ್ತಿದ್ದರೆ ಸೀತಾಳೆ ಸಿಡುಬು. ಎರಡು ಮೂರು ದಿನ ಸುಡುವ ಜ್ವರ ಬಂದು, ಆಮೇಲೆ ಮುಖ, ಕೈಕಾಲಿನ ಮೇಲೆ ದಟ್ಟವಾಗಿ, ಅಂಗೈ ಅಂಗಾಲಿಗೂ ಎದ್ದು, ಎಲ್ಲ ಗುಳ್ಳೆಗಳೂ ಒಟ್ಟಿಗೇ ಬಲಿತರೆ ದೊಡ್ಡ ಸಿಡುಬು. ವೈದ್ಯರ ಪುಸ್ತಕದಲ್ಲಿರುವುದೂ ಇದೇ ವ್ಯತ್ಯಾಸ.

ಆದರೆ ಗುರುತು ಹಿಡಿದ ಮೇಲೆ? ಅಮ್ಮ ಬಂದಿದ್ದಾಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುತ್ತಿದ್ದರು. ಭಾರತದಲ್ಲಿ ಸಿಡುಬು ನಿರ್ಮೂಲನಾ ಕಾರ್ಯಕ್ರಮ ಶುರುವಾಗಿದ್ದು 1962ರಲ್ಲಿ. ಎಲ್ಲರಿಗೂ ಮೈಲಿ ಹಾಕಿದರೆ ಸಾಕು ಅನ್ನೋ ಲೆಕ್ಕಾಚಾರ ಫಲ ಕೊಡಲಿಲ್ಲ. 1973ರಿಂದ ಮನೆಮನೆ ಹುಡುಕಾಟ ಶುರುವಾಯಿತು. ಕಾರ್ಯಕರ್ತರ ಕೈಯಲ್ಲಿ ಸಿಡುಬು ಎದ್ದ ಮಗುವಿನ ಚಿತ್ರವಿದ್ದ ಒಂದು ಕಾರ್ಡು. ಸಂತೆಯಲ್ಲಿ, ಶಾಲೆಯಲ್ಲಿ ಅದನ್ನು ತೋರಿಸಿ "ಇಂಥದ್ದು ಎಲ್ಲಾದರೂ ನೋಡಿದ್ದೀರಾ?" ಅಂತ ಕೇಳುತ್ತಿದ್ದರು. ಸುಳಿವು ಸಿಕ್ಕ ಕಡೆ ಸುತ್ತಲಿನವರಿಗೆಲ್ಲ ಮೈಲಿ. 1975ರಲ್ಲಿ ಸುಳಿವು ಕೊಟ್ಟವರಿಗೆ 1000 ರೂಪಾಯಿ ಬಹುಮಾನ ಅಂತಲೂ ಸಾರಿದರು. ಆ ಮೇ ತಿಂಗಳಲ್ಲೇ ದೇಶದ ಕೊನೆಯ ಸಿಡುಬು ಪತ್ತೆಯಾಗಿತ್ತು. 1980ರಲ್ಲಿ ಜಗತ್ತೇ ಸಿಡುಬುಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಇದನ್ನೆಲ್ಲ ಅಜ್ಜಿಗೆ ಹೇಳಿದರೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಮೊದಲ ಮಗು ಹೋಗಿದ್ದು ಸಿಡುಬಿನಿಂದ ಅಂತ ನನಗೆ ಗೊತ್ತಾಗಿದ್ದು ಆಗಲೇ. "ಗುರುತು ಸಿಕ್ಕಿತ್ತು ಕಣೋ. ಅಮ್ಮನ ವಿಷಯ ಹೊರಗೆ ಆಡಬಾರದು ಅಂತ ಬಾಯಿ ಮುಚ್ಕೊಂಡಿದ್ದೆ. ಹದಿನೈದು ದಿನಕ್ಕೆ ಎದುರು ಮನೆ ಮಗೂಗೂ ಬಂತು" ಅಂದರು. ಆಮೇಲೆ ಮೈಲಿ ಹಾಕೋರು ಬಂದಾಗ ಬೀದಿಯಲ್ಲಿ ಮೊದಲು ತೋಳು ಚಾಚಿದ್ದು ಅಜ್ಜಿಯೇ ಅಂತೆ. ಚಿಕ್ಕಂದಿನಲ್ಲಿ ನಾನು ಬೆರಳಿಟ್ಟು ಆಡುತ್ತಿದ್ದ ರಟ್ಟೆ ಮೇಲಿನ ಗುಂಡು ಕಲೆ ಅದೇ.

ಸಿಡುಬು ಹೋಯಿತು, ದಡಾರ ಹೋಗಿಲ್ಲ. ಲಸಿಕೆ ಇದೆ, ಎರಡು ಡೋಸು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಈ ಸಲ ಬೇವಿನ ಸೊಪ್ಪನ್ನೂ ಕಟ್ಟಿದರು, ಆಶಾ ಕಾರ್ಯಕರ್ತೆಗೂ ಹೇಳಿ ಕಳಿಸಿದರು. ಕಳಿಸಿದ್ದು ಅಜ್ಜಿ.