ಫಿದ್ವಿಯಿಂದ ಒಬೀಡಿಯಂಟ್ಲಿಯವರೆಗೆ

ನಮ್ಮ ಕಲಬುರಗಿ ಸೀಮೆಯವರಿಗೆ ಪರಭಾಷೆಯಲ್ಲಿ ಅರ್ಜಿ ಬರೆಯುವ ಕಷ್ಟ ಹೊಸದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಫಾರ್ಸಿಯ ಬದಲು ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಕನ್ನಡ ಮಾತ್ರ ಬಲ್ಲ ರೈತನು ಕಚೇರಿಗೆ ಹೋದರೆ ಅರ್ಜಿ ಬರೆದುಕೊಡುವವರನ್ನೇ ನಂಬಬೇಕಾಗಿತ್ತು. ಅರ್ಜಿಯ ಕೊನೆಯಲ್ಲಿ ‘ಫಿದ್ವಿ’, ಎಂದರೆ ‘ತಮ್ಮ ಸೇವಕ’ ಎಂದಿರುತ್ತಿತ್ತು. ಅದರ ಕೆಳಗೆ ಅವನ ಹೆಬ್ಬೆಟ್ಟು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು. 1963ರಲ್ಲಿ ರಾಜಭಾಷಾ ಕಾಯಿದೆ ಬಂದರೂ ಕಚೇರಿಗಳಲ್ಲಿ ಇಂಗ್ಲಿಷ್ ಬಹುಕಾಲ ಉಳಿಯಿತು. ಫಿದ್ವಿಯ ಜಾಗದಲ್ಲಿ ‘ಯುವರ್ಸ್ ಒಬೀಡಿಯಂಟ್ಲಿ’ ಕುಳಿತಿತು. ‘ಐ ಬೆಗ್ ಟು ಸ್ಟೇಟ್’, ‘ಡೂ ದ ನೀಡ್‌ಫುಲ್’ ಮುಂತಾದವು ಬ್ರಿಟಿಷರ ಹಳೆಯ ನುಡಿಗಟ್ಟುಗಳು. ಅವರ ನಾಡಿನಲ್ಲಿ ಅವು ಹಿಂದೆ ಸರಿದರೂ ನಮ್ಮಲ್ಲಿ ಭದ್ರವಾಗಿ ಉಳಿದವು. ನಾವು ಶಿಕ್ಷಕರೂ ಅವನ್ನೇ ಬಾಯಿಪಾಠ ಮಾಡಿಸಿದೆವು.

1990ರ ದಶಕದ ಆರಂಭದ ಮಾತು. ಕಮಲಾಪುರದ ಕಡೆಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ವಾರದ ನಂತರ ರಜೆಯ ಅರ್ಜಿ ತಂದುಕೊಟ್ಟ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಒಂದು ತಪ್ಪೂ ಇಲ್ಲದೆ ಬರೆದಿದ್ದ. ಮಗುವಿನ ತಲೆ ನುಣ್ಣಗೆ ಬೋಳಿಸಿತ್ತು. ನಾನು ಅದನ್ನು ಗಮನಿಸದೆ, ‘‘ಜ್ವರ ಬಂದವನಂತೆ ಕಾಣುವುದಿಲ್ಲವಲ್ಲ, ಸುಳ್ಳು ಹೇಳುತ್ತೀಯಾ?’’ ಎಂದು ಗದರಿದೆ. ಅವನು ತಲೆ ತಗ್ಗಿಸಿ ಹೇಳಿದ: ‘‘ಅಪ್ಪ ತೀರಿಕೊಂಡಾನ್ರೀ ಸರ್. ನನಗ ಜ್ವರದ ಲೆಟರ್ ಅಷ್ಟೇ ಬರ್ತದ್ರೀ.’’

ನಾಚಿಕೆಯಿಂದ ನನ್ನ ಮಾತು ನಿಂತುಹೋಯಿತು. ಹೆಬ್ಬೆಟ್ಟು ಒತ್ತಿದ ಆ ರೈತನಿಗೂ ಈ ಹುಡುಗನಿಗೂ ಏನು ವ್ಯತ್ಯಾಸ? ಇಬ್ಬರ ಕಾಗದದಲ್ಲಿಯೂ ಇದ್ದದ್ದು ಬೇರೆಯವರ ಮಾತು. ಅಂದು ಅವನಿಂದ ಎರಡೇ ವಾಕ್ಯ ಬರೆಯಿಸಿದೆ: ‘ಮೈ ಫಾದರ್ ಡೈಡ್. ಐ ಕುಡ್ ನಾಟ್ ಕಮ್.’

ಆಮೇಲೆ ನನ್ನ ಪಾಠದ ಕ್ರಮ ಬದಲಾಯಿತು. ‘ಡಿಯರ್ ಸರ್’ ಎಂದು ಆರಂಭಿಸಿದರೆ ‘ಯುವರ್ಸ್ ಫೇತ್‌ಫುಲಿ’, ಹೆಸರು ಹಿಡಿದು ಆರಂಭಿಸಿದರೆ ‘ಯುವರ್ಸ್ ಸಿನ್ಸಿಯರ್ಲಿ’ ಎಂಬ ನಿಯಮವನ್ನು ಬಿಡಲಿಲ್ಲ. ಆದರೆ ‘ನೀಡ್‌ಫುಲ್’ ಎಂದವರಿಗೆ, ಏನು ಬೇಕೋ ಅದನ್ನೇ ಬರೆಯಿರಿ ಎನ್ನುತ್ತಿದ್ದೆ. ನುಡಿಗಟ್ಟು ಆಮೇಲೆ, ಮೊದಲು ತನ್ನ ಸಂಗತಿ. ಆ ಹುಡುಗ ಕಲಿಸಿದ ಪಾಠವಿದು.